ಚರ್ಮದ ಸೂಕ್ಷ್ಮಜೀವಿಗಳನ್ನು ಕಾಪಾಡಿಕೊಳ್ಳುವುದು ಹೇಗೆ? ಹಂತ ಹಂತದ ಸಮಗ್ರ ಮಾರ್ಗದರ್ಶಿ

ನಮ್ಮ ಚರ್ಮದ ಮೇಲೆ ಬ್ಯಾಕ್ಟೀರಿಯಾ, ಯೀಸ್ಟ್, ವೈರಸ್ ಮತ್ತು ಕಣ್ಣಿಗೆ ಕಾಣದಷ್ಟು ಪುಟ್ಟ ಹುಳಗಳು ಸದಾ ವಾಸವಾಗಿರುತ್ತವೆ. ಇವೆಲ್ಲ ಸೇರಿ ಚರ್ಮದ ಮೈಕ್ರೋಬಯೋಮ್. ಇದನ್ನು ಸುಧಾರಿಸುತ್ತೇವೆಂದು ಹೇಳಿಕೊಳ್ಳುವ ಕ್ರೀಮು, ಸೀರಮ್, ಸ್ಪ್ರೇಗಳಿಗೆ ಲೆಕ್ಕವಿಲ್ಲ. ಆದರೆ ಹೊರಗಿನಿಂದ ಸೂಕ್ಷ್ಮಜೀವಿಗಳನ್ನು ತಂದು ಚರ್ಮದ ಮೇಲೆ ನೆಲೆಗೊಳಿಸುವುದು ಬಲು ಕಷ್ಟ. ಯಾವ ಜೀವಿ ಎಲ್ಲಿ ಬದುಕಬೇಕೆಂದು ತೀರ್ಮಾನಿಸುವುದು ಚರ್ಮದ ಎಣ್ಣೆ, ತೇವ ಮತ್ತು ಆಮ್ಲೀಯತೆ. ನಮ್ಮ ಕೈಯಲ್ಲಿರುವುದೂ ಈ ಮೂರೇ. ಅವನ್ನು ಸರಿಯಾದ ಮಟ್ಟದಲ್ಲಿಟ್ಟರೆ ಇರಬೇಕಾದ ಜೀವಿಗಳು ತಾವಾಗಿ ಉಳಿದುಕೊಳ್ಳುತ್ತವೆ. ಈ ಮಾರ್ಗದರ್ಶಿಯ ಹೆಚ್ಚಿನ ಹಂತಗಳು ಈ ಮೂರರಲ್ಲಿ ಒಂದನ್ನಾದರೂ ಕುರಿತವು.

ಇದಕ್ಕೆ ಆರರಿಂದ ಎಂಟು ವಾರ ಬೇಕು. ಚರ್ಮದ ಹೊರಪದರ ಬುಡದಿಂದ ಮೇಲಕ್ಕೆ ಪೂರ್ತಿ ಹೊಸದಾಗಲು ಸುಮಾರು ನಾಲ್ಕು ವಾರ ಹಿಡಿಯುತ್ತದೆ, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ನಾಲ್ಕು ದಿನ ನೋಡಿ ಫಲವಿಲ್ಲವೆಂದು ಕೈಬಿಟ್ಟವರಿಗೆ ಈ ವಿಧಾನ ಕೆಲಸ ಮಾಡುತ್ತದೋ ಇಲ್ಲವೋ ಎಂದು ತಿಳಿಯುವ ಅವಕಾಶವೇ ಸಿಗುವುದಿಲ್ಲ.

ಯಾರು ಎಲ್ಲಿ ವಾಸಿಸುತ್ತಾರೆ

ಮೊದಲ ಹಂತಕ್ಕೆ ಹೋಗುವ ಮುನ್ನ ಇಷ್ಟು ಗೊತ್ತಿರಬೇಕು. 2009ರಲ್ಲಿ ಸಂಶೋಧಕರು ಹತ್ತು ಆರೋಗ್ಯವಂತರ ಮೈಮೇಲಿನ 20 ಜಾಗಗಳಿಂದ ಮಾದರಿ ತೆಗೆದು ಬ್ಯಾಕ್ಟೀರಿಯಾಗಳ ನಕ್ಷೆ ಮಾಡಿದರು. ಒಬ್ಬರ ಕಂಕುಳಿಗೂ ಅವರದೇ ಮುಂಗೈಗೂ ಇರುವ ವ್ಯತ್ಯಾಸ, ಇಬ್ಬರ ಕಂಕುಳುಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದಾಗಿತ್ತು. ಹಾಗಾಗಿ ಮೈಯನ್ನು ಮೂರು ಬಗೆಯ ವಲಯಗಳಾಗಿ ನೋಡುವುದು ರೂಢಿ.

ಎಣ್ಣೆ ವಲಯವೆಂದರೆ ಹಣೆ, ಮೂಗಿನ ಪಕ್ಕ, ಕಿವಿಯ ಹಿಂಭಾಗ, ಎದೆಯ ನಡುಭಾಗ, ಬೆನ್ನಿನ ಮೇಲ್ಭಾಗ. ಇಲ್ಲಿ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಮತ್ತು ಮಲಸೇಜಿಯಾ ಎಂಬ ಯೀಸ್ಟ್ ಹೆಚ್ಚು. ಮೊದಲನೆಯದನ್ನು 2016ರವರೆಗೆ ಪ್ರೊಪಿಯೋನಿಬ್ಯಾಕ್ಟೀರಿಯಂ ಎಂದು ಕರೆಯುತ್ತಿದ್ದರು. ಹಳೆಯ ಲೇಖನಗಳಲ್ಲಿ ಆ ಹೆಸರು ಕಂಡರೆ ಗೊಂದಲ ಬೇಡ, ಎರಡೂ ಒಂದೇ. ಮೊಡವೆಯ ಜೊತೆ ಇದರ ಹೆಸರು ತಳುಕು ಹಾಕಿಕೊಂಡಿದ್ದರೂ, ಮೊಡವೆ ಇಲ್ಲದವರ ಮುಖದಲ್ಲೂ ಇದು ಧಾರಾಳವಾಗಿರುತ್ತದೆ. ಚರ್ಮದ ಎಣ್ಣೆಯನ್ನು ಒಡೆದು ಕೊಬ್ಬಿನಾಮ್ಲಗಳನ್ನು ಬಿಡುಗಡೆ ಮಾಡಿ ಚರ್ಮವನ್ನು ಆಮ್ಲೀಯವಾಗಿಡುವುದರಲ್ಲಿ ಇದರ ಪಾಲು ದೊಡ್ಡದು.

ತೇವದ ವಲಯದಲ್ಲಿ ಕಂಕುಳು, ತೊಡೆಸಂದು, ಮೊಣಕೈ ಮತ್ತು ಮೊಣಕಾಲಿನ ಒಳಮಡಿಕೆ, ಕಾಲ್ಬೆರಳ ಸಂದು, ಹೊಕ್ಕುಳು ಬರುತ್ತವೆ. ಕೊರಿನಿಬ್ಯಾಕ್ಟೀರಿಯಂ ಮತ್ತು ಸ್ಟ್ಯಾಫಿಲೊಕಾಕಸ್ ಜಾತಿಗಳಿಗೆ ಇದು ನೆಲೆ. ಮುಂಗೈ, ಮೊಣಕಾಲಿನ ಕೆಳಗಿನ ಮುಂಭಾಗ, ಅಂಗೈಯಂಥ ಒಣ ವಲಯದಲ್ಲಿ ಒಟ್ಟು ಸಂಖ್ಯೆ ಕಡಿಮೆ, ಬಗೆಗಳು ಮಾತ್ರ ಹೆಚ್ಚು. ಒಣ ಜಾಗದ ಒಂದು ಚದರ ಸೆಂಟಿಮೀಟರಿನಲ್ಲಿ ಕೆಲವು ಸಾವಿರ ಬ್ಯಾಕ್ಟೀರಿಯಾ ಇದ್ದರೆ ತೇವದ ಸಂದಿನಲ್ಲಿ ಅದು ಹತ್ತು ಲಕ್ಷ ದಾಟಬಹುದು.

ಈ ನಿವಾಸಿಗಳು ಸುಮ್ಮನೆ ಕೂತಿರುವುದಿಲ್ಲ. ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಚರ್ಮದ ತಡೆಗೋಡೆಗೆ ಬೇಕಾದ ಸೆರಮೈಡ್ ಎಂಬ ಕೊಬ್ಬು ತಯಾರಾಗಲು ನೆರವಾಗುತ್ತದೆ. ಸ್ಟ್ಯಾಫಿಲೊಕಾಕಸ್ ಹೊಮಿನಿಸ್‌ನ ಕೆಲವು ತಳಿಗಳು, ಸೋಂಕು ತರುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಅನ್ನು ಕೊಲ್ಲುವ ವಸ್ತುಗಳನ್ನು ಸ್ರವಿಸುತ್ತವೆ. ಆರಿಯಸ್ ಸುಮಾರು ಮೂರರಲ್ಲಿ ಒಬ್ಬರ ಮೂಗಿನೊಳಗೆ ತೆಪ್ಪಗೆ ಇರುತ್ತದೆ. ಚರ್ಮದ ಗೋಡೆ ಬಿರಿದು, ನೆರೆಯ ಜೀವಿಗಳು ಕಡಿಮೆಯಾದಾಗ ಅದಕ್ಕೆ ದಾರಿ ತೆರೆಯುತ್ತದೆ.

ಹಂತ 1: ನಿಮ್ಮ ಚರ್ಮದ ಸ್ಥಿತಿ ಬರೆದಿಟ್ಟುಕೊಳ್ಳಿ

ಸಂಜೆ ಮುಖವನ್ನು ಮೃದು ಕ್ಲೆನ್ಸರ್‌ನಿಂದ ತೊಳೆದು, ಟವೆಲ್‌ನಿಂದ ಒತ್ತಿ ಒರೆಸಿ, ಏನನ್ನೂ ಹಚ್ಚದೆ ಒಂದು ಗಂಟೆ ಬಿಡಿ. ಆಮೇಲೆ ಬೆಳಕಿನಲ್ಲಿ ನೋಡಿ. ಹಣೆ ಮತ್ತು ಮೂಗು ಹೊಳೆಯುತ್ತಿವೆಯೇ, ಕೆನ್ನೆ ಬಿಗಿದಂತಿದೆಯೇ, ಎಲ್ಲಿ ಸಿಪ್ಪೆ ಏಳುತ್ತಿದೆ, ಎಲ್ಲಿ ಉರಿಯುತ್ತಿದೆ ಎಂದು ಜಾಗದ ಹೆಸರಿನೊಂದಿಗೆ ಬರೆಯಿರಿ. ಕೈಕಾಲು, ಬೆನ್ನು, ಸಂದುಗಳನ್ನೂ ಹೀಗೆಯೇ ನೋಡಿ. ಕಿಟಕಿಯ ಪಕ್ಕ, ಒಂದೇ ಹೊತ್ತಿನಲ್ಲಿ, ಒಂದೇ ದೂರದಿಂದ ಫೋಟೋ ತೆಗೆದಿಡಿ. ನೆನಪನ್ನು ನಂಬಬೇಡಿ. ನಿಧಾನವಾಗಿ ಆಗುವ ಬದಲಾವಣೆ ದಿನವೂ ಕನ್ನಡಿ ನೋಡುವವರ ಕಣ್ಣಿಗೆ ಬೀಳುವುದಿಲ್ಲ.

ಒಬ್ಬರದೇ ಮುಖದಲ್ಲಿ ಎಣ್ಣೆಯ ಹಣೆ, ಒಣ ಕೆನ್ನೆ ಎರಡೂ ಇರುವುದು ಸಾಮಾನ್ಯ. ಇಡೀ ಮುಖಕ್ಕೆ ಒಂದೇ ಹಣೆಪಟ್ಟಿ ಅಂಟಿಸಿ ಒಂದೇ ಉತ್ಪನ್ನ ಬಳಿಯುವುದರಿಂದ ಒಂದು ವಲಯ ಸುಧಾರಿಸಿ ಇನ್ನೊಂದು ಹಾಳಾಗುತ್ತದೆ.

ಹಂತ 2: ಎರಡು ವಾರ ಬರೀ ಕಡಿತ

ಈಗ ಬಳಸುತ್ತಿರುವ ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿ. ವೈದ್ಯರು ಬರೆದುಕೊಟ್ಟ ಔಷಧಿಗಳನ್ನು ಪಕ್ಕಕ್ಕಿಡಿ, ಅವನ್ನು ನಿಮ್ಮಷ್ಟಕ್ಕೆ ನಿಲ್ಲಿಸಬಾರದು. ಉಳಿದವುಗಳಲ್ಲಿ ಒಂದು ಮೃದು ಕ್ಲೆನ್ಸರ್, ಒಂದು ಮಾಯಿಶ್ಚರೈಸರ್, ಒಂದು ಸನ್‌ಸ್ಕ್ರೀನ್ ಮಾತ್ರ ಉಳಿಸಿಕೊಳ್ಳಿ. ಸ್ಕ್ರಬ್, ಆಲ್ಕೊಹಾಲ್ ಇರುವ ಟೋನರ್, ಆಂಟಿಬ್ಯಾಕ್ಟೀರಿಯಲ್ ಸೋಪು, ಹಣ್ಣಿನಾಮ್ಲದ ಸೀರಮ್, ಸುಗಂಧದ ಎಣ್ಣೆ ಇವೆಲ್ಲ ಎರಡು ವಾರ ಕಪಾಟಿನಲ್ಲಿರಲಿ.

ಎಷ್ಟೋ ಜನರಿಗೆ ಈ ಹಂತವೇ ಅರ್ಧ ಪರಿಹಾರ. ಉರಿ, ಕೆಂಪು, ಬಿಗಿತಗಳಿಗೆ ಅತಿಯಾದ ಆರೈಕೆಯೇ ಕಾರಣವಾಗಿರುವುದು ತೀರಾ ಸಾಮಾನ್ಯ. ಎರಡು ವಾರದ ನಂತರ ಬೇಕೆನಿಸಿದ್ದನ್ನು ಒಂದೊಂದಾಗಿ, ಕನಿಷ್ಠ ಎರಡು ವಾರದ ಅಂತರದಲ್ಲಿ ಮರಳಿ ತನ್ನಿ. ಎರಡನ್ನು ಒಟ್ಟಿಗೆ ಶುರು ಮಾಡಿದರೆ ಗುಣವಾಗಲಿ ಕೆಡುಕಾಗಲಿ ಯಾವುದರಿಂದ ಎಂದು ಹೇಳಲಾಗದು.

ಹೊಸದಾದರೆ ಮೊದಲು ಪರೀಕ್ಷೆ ಮಾಡಿ: ಮೊಣಕೈಯ ಒಳಮಡಿಕೆಯ ಬಳಿ ನಾಣ್ಯದಗಲದ ಜಾಗಕ್ಕೆ ದಿನಕ್ಕೆರಡು ಬಾರಿ, ಏಳರಿಂದ ಹತ್ತು ದಿನ ಹಚ್ಚಿ. ಒಂದೇ ದಿನದ ಪರೀಕ್ಷೆ ಸಾಲದು. ಅಲರ್ಜಿಯ ಪ್ರತಿಕ್ರಿಯೆ ಕಾಣಿಸಲು ಹಲವು ದಿನ ಬೇಕಾಗುತ್ತದೆ. ಫೇಸ್‌ವಾಶ್‌ನಂತೆ ತೊಳೆದುಬಿಡುವ ವಸ್ತುವಾದರೆ, ನಿತ್ಯ ಬಳಸುವಾಗ ಎಷ್ಟು ಹೊತ್ತು ಇರುತ್ತದೋ ಅಷ್ಟೇ ಹೊತ್ತು ಇಟ್ಟು ತೊಳೆಯಿರಿ.

ಹಂತ 3: ತೊಳೆಯುವ ರೀತಿ ಬದಲಿಸಿ

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಇಲ್ಲಿ. ಆಮ್ಲೀಯತೆಯನ್ನು ಅಳೆಯುವ ಅಂಕ ಪಿಎಚ್; 7 ತಟಸ್ಥ, ಅದಕ್ಕಿಂತ ಕಡಿಮೆಯಾದಷ್ಟೂ ಆಮ್ಲೀಯ. ಆರೋಗ್ಯವಂತ ಚರ್ಮದ ಮೇಲ್ಮೈಯ ಪಿಎಚ್ ಸಾಮಾನ್ಯವಾಗಿ 4.5ರಿಂದ 5.5ರ ನಡುವೆ ಇರುತ್ತದೆ, ಅಂದರೆ ಆಮ್ಲೀಯ. ಕೊಬ್ಬು ಮತ್ತು ಕ್ಷಾರದಿಂದ ಮಾಡಿದ ಸಾಂಪ್ರದಾಯಿಕ ಸೋಪಿನ ಪಿಎಚ್ 9ರಿಂದ 10. ಪಿಎಚ್ ಅಳತೆಯಲ್ಲಿ ಒಂದು ಅಂಕ ಏರಿದರೆ ಆಮ್ಲೀಯತೆ ಹತ್ತು ಪಟ್ಟು ತಗ್ಗಿದಂತೆ. ಹಾಗಾಗಿ 5ಕ್ಕೂ 9ಕ್ಕೂ ಇರುವ ದೂರ ಹತ್ತು ಸಾವಿರ ಪಟ್ಟು.

ಪಿಎಚ್ ಏರಿದಾಗ ಆಗುವುದೇನು? ಚರ್ಮದ ಮೇಲಿನ ಸತ್ತ ಕೋಶಗಳನ್ನು ಹಿಡಿದಿಟ್ಟ ಕೊಂಡಿಗಳನ್ನು ಕತ್ತರಿಸುವ ಕಿಣ್ವಗಳು ಚುರುಕಾಗುತ್ತವೆ. ಸೆರಮೈಡ್ ತಯಾರಿಸುವ ಕಿಣ್ವಗಳು ಆಮ್ಲೀಯ ವಾತಾವರಣ ಬಯಸುವುದರಿಂದ ಮಂದವಾಗುತ್ತವೆ. ಗೋಡೆ ಸಡಿಲವಾಗಿ ನೀರು ಆವಿಯಾಗುತ್ತದೆ. ತಟಸ್ಥ ಪಿಎಚ್‌ನಲ್ಲಿ ಚೆನ್ನಾಗಿ ಬೆಳೆಯುವ ಆರಿಯಸ್‌ಗೆ ಇದು ಅನುಕೂಲ. ಬರೀ ನಲ್ಲಿ ನೀರು ತಗುಲಿದರೂ ಚರ್ಮದ ಪಿಎಚ್ ಏರಿ, ಮೊದಲಿನ ಮಟ್ಟಕ್ಕೆ ಇಳಿಯಲು ಆರು ಗಂಟೆಯವರೆಗೆ ಬೇಕಾಗಬಹುದು. ದಿನಕ್ಕೆ ನಾಲ್ಕೈದು ಬಾರಿ ಸೋಪು ಹಚ್ಚಿ ಮುಖ ತೊಳೆಯುವವರ ಚರ್ಮ ಒಮ್ಮೆಯೂ ತನ್ನ ಸ್ಥಿತಿಗೆ ಮರಳುವುದಿಲ್ಲ.

ಸೋಪಿನ ಬದಲು ಸಿಂಡೆಟ್ ಬಾರ್ (ಸೋಪಿನಂತೆ ಕಂಡರೂ ಸಂಶ್ಲೇಷಿತ ನೊರೆಕಾರಕದಿಂದ ಮಾಡಿದ ಬಿಲ್ಲೆ) ಅಥವಾ ಮೃದು ಬಾಡಿವಾಶ್ ಆರಿಸಿ. ಪದಾರ್ಥಗಳ ಪಟ್ಟಿಯಲ್ಲಿ ಸೋಡಿಯಂ ಕೊಕೊಯಿಲ್ ಐಸೆಥಿಯೋನೇಟ್, ಕೊಕಮಿಡೋಪ್ರೊಪೈಲ್ ಬಿಟೇನ್, ಗ್ಲೂಕೊಸೈಡ್ ಎಂಬ ಹೆಸರುಗಳಿದ್ದರೆ ಅವು ಸಾಮಾನ್ಯವಾಗಿ ಮೃದು. ಸೋಡಿಯಂ ಪಾಮೇಟ್, ಸೋಡಿಯಂ ಟ್ಯಾಲೊವೇಟ್, ಸೋಡಿಯಂ ಕೊಕೊವೇಟ್ ಮೊದಲ ಸಾಲಿನಲ್ಲಿದ್ದರೆ ಅದು ಕ್ಷಾರೀಯ ಸೋಪು. ಸೋಡಿಯಂ ಲಾರಿಲ್ ಸಲ್ಫೇಟ್ ಚರ್ಮವನ್ನು ಕೆರಳಿಸುವುದರಲ್ಲಿ ಕುಖ್ಯಾತ. ಚರ್ಮ ಕೆರಳುವುದನ್ನು ಅಧ್ಯಯನ ಮಾಡಲು ಪ್ರಯೋಗಾಲಯಗಳಲ್ಲಿ ಬಳಸುವುದೂ ಅದನ್ನೇ. ಪದಾರ್ಥಗಳ ಪಟ್ಟಿಯಿಂದ ಗೊತ್ತಾಗದಿದ್ದರೆ ಪಿಎಚ್ ಅಳೆಯುವ ಕಾಗದದ ಪಟ್ಟಿಯಿಂದ ಅಳೆಯಿರಿ: 1 ಗ್ರಾಂ ಉತ್ಪನ್ನವನ್ನು 10 ಮಿಲಿಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ, ಪಟ್ಟಿಯನ್ನು ಅದ್ದಿ, ಡಬ್ಬಿಯ ಬಣ್ಣದೊಂದಿಗೆ ಹೋಲಿಸಿ. 4.5ರಿಂದ 6.5ರೊಳಗೆ ಬಂದರೆ ಸರಿ. ನೀರಿನಂಶವೇ ಇಲ್ಲದ ಎಣ್ಣೆ, ಬಾಮ್‌ಗಳಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ. ಪಿಎಚ್ ಒಂದೇ ಸರಿಯಿದ್ದರೆ ಸಾಲದೆಂಬುದೂ ನೆನಪಿರಲಿ, 5.5 ಇದ್ದರೂ ಒರಟಾದ ನೊರೆಕಾರಕ ಎಣ್ಣೆಯನ್ನು ಬಳಿದು ಒಯ್ಯುತ್ತದೆ.

ಸ್ನಾನದ ನೀರು ಉಗುರುಬೆಚ್ಚಗಿರಲಿ, ಸಮಯ ಐದರಿಂದ ಹತ್ತು ನಿಮಿಷ. ಬಿಸಿ ನೀರು ಹಿತವೆನಿಸಿದರೂ ಕೊಬ್ಬಿನ ಪದರವನ್ನು ಕರಗಿಸುತ್ತದೆ. ಕ್ಲೆನ್ಸರ್ ಕಂಕುಳು, ತೊಡೆಸಂದು, ಗುದದ್ವಾರದ ಸುತ್ತ, ಪಾದ ಮತ್ತು ಕಣ್ಣಿಗೆ ಕಾಣುವಂತೆ ಕೊಳೆಯಾದ ಜಾಗಗಳಿಗೆ ಸಾಕು. ತೋಳು, ಕಾಲು, ಹೊಟ್ಟೆಗೆ ದಿನವೂ ನೊರೆ ಬೇಕಿಲ್ಲ, ಹರಿಯುವ ನೀರು ಸಾಕು. ಹೆಣ್ಣಿನ ಜನನಾಂಗದ ಹೊರಭಾಗಕ್ಕೆ ನೀರು ಅಥವಾ ಸುಗಂಧವಿಲ್ಲದ ಮೃದು ಕ್ಲೆನ್ಸರ್ ಬಳಸಿ, ಒಳಭಾಗವನ್ನು ತೊಳೆಯಲೇಬಾರದು. ಅಲ್ಲಿನ ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾಗಳು ಪಿಎಚ್ ಅನ್ನು ತಾವೇ ನೋಡಿಕೊಳ್ಳುತ್ತವೆ.

ಮುಖವನ್ನು ರಾತ್ರಿ ಒಮ್ಮೆ ಕ್ಲೆನ್ಸರ್‌ನಿಂದ, ಬೆಳಿಗ್ಗೆ ಬರೀ ನೀರಿನಿಂದ ತೊಳೆಯುವುದು ಒಣ ಚರ್ಮದವರಿಗೆ ಸಾಕು. ಎಣ್ಣೆ ಚರ್ಮದವರು ಎರಡೂ ಹೊತ್ತು ಕ್ಲೆನ್ಸರ್ ಬಳಸಬಹುದು. ವಿಪರೀತ ಬೆವರಿದ ಬಳಿಕ ಇನ್ನೊಮ್ಮೆ ತೊಳೆದರೂ ಸರಿಯೇ. ಬೆರಳ ತುದಿಗಳೇ ಸಾಕು, ಲೂಫಾ ಬೇಡ. ಗಡಸು ನೀರಿದ್ದರೆ ನೊರೆಯ ಅಂಶ ಚರ್ಮದ ಮೇಲೆ ಹೆಚ್ಚು ಉಳಿಯುತ್ತದೆ; ಅಂಥ ಕಡೆ ಕ್ಲೆನ್ಸರ್ ಕಡಿಮೆ ಬಳಸಿ, ತೊಳೆಯುವ ಸಮಯ ಹೆಚ್ಚಿಸಿ.

ಕೈ ತೊಳೆಯುವ ವಿಷಯ ಮಾತ್ರ ಬೇರೆ. ಫಿಲಿಪ್ ಪ್ರೈಸ್ ಎಂಬ ಶಸ್ತ್ರವೈದ್ಯರು 1938ರಲ್ಲಿಯೇ ಚರ್ಮದ ಬ್ಯಾಕ್ಟೀರಿಯಾಗಳನ್ನು ನಿವಾಸಿಗಳು ಮತ್ತು ಬಂದುಹೋಗುವವರು ಎಂದು ಎರಡಾಗಿ ವಿಂಗಡಿಸಿದ್ದರು. ಭೇದಿ ತರುವ ಬ್ಯಾಕ್ಟೀರಿಯಾ ಎರಡನೆಯ ಗುಂಪಿನವು, ನೆಗಡಿ ತರುವ ವೈರಸ್‌ಗಳೂ ಅವುಗಳಂತೆಯೇ ಬಂದುಹೋಗುವವು. ಸೋಪು ಹಾಕಿ 20 ಸೆಕೆಂಡು ಉಜ್ಜಿದರೆ ಅವು ಹೋಗುತ್ತವೆ, ನಿವಾಸಿಗಳಲ್ಲಿ ಹೆಚ್ಚಿನವು ಉಳಿಯುತ್ತವೆ. ಮೈಕ್ರೋಬಯೋಮ್ ಉಳಿಸುವ ನೆಪದಲ್ಲಿ ಕೈ ತೊಳೆಯುವುದನ್ನು ಬಿಡುವುದು ಅಪಾಯಕಾರಿ ಅವಿವೇಕ. ತೊಳೆದ ಮೇಲೆ ಕೈಗೆ ಕ್ರೀಮು ಹಚ್ಚಿ, ಅಷ್ಟೇ. ಆಂಟಿಬ್ಯಾಕ್ಟೀರಿಯಲ್ ಸೋಪಿನ ಅಗತ್ಯವಂತೂ ಮನೆಯಲ್ಲಿಲ್ಲ. ಸಾಮಾನ್ಯ ಸೋಪು ಮತ್ತು ನೀರಿಗಿಂತ ಹೆಚ್ಚು ಪರಿಣಾಮಕಾರಿಯೆಂದು ಕಂಪನಿಗಳು ತೋರಿಸಲಿಲ್ಲವೆಂಬ ಕಾರಣಕ್ಕೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಜನಬಳಕೆಯ ಸೋಪುಗಳಿಂದ ಹೊರಗಿಟ್ಟಿತು.

ಹಂತ 4: ತೇವವನ್ನು ಹಿಡಿದಿಡಿ

ಸ್ನಾನ ಮುಗಿದ ಮೂರು ನಿಮಿಷದೊಳಗೆ, ಮೈ ಇನ್ನೂ ಸ್ವಲ್ಪ ಒದ್ದೆಯಿರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಒಳ್ಳೆಯ ಮಾಯಿಶ್ಚರೈಸರ್‌ನಲ್ಲಿ ಮೂರು ಕೆಲಸದ ವಸ್ತುಗಳಿರುತ್ತವೆ: ನೀರನ್ನು ಸೆಳೆಯುವ ಗ್ಲಿಸರಿನ್ ಅಥವಾ ಯೂರಿಯಾ, ಬಿರುಕು ತುಂಬುವ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲಗಳು, ಮತ್ತು ಮೇಲಿನಿಂದ ಮುಚ್ಚುವ ಪೆಟ್ರೋಲಿಯಂ ಜೆಲ್ಲಿ ಅಥವಾ ಡೈಮೆಥಿಕೋನ್. ಯೂರಿಯಾ 5ರಿಂದ 10 ಶೇಕಡ ಇದ್ದರೆ ತೇವ ಹಿಡಿಯುತ್ತದೆ, 20 ದಾಟಿದರೆ ಗಡಸು ಚರ್ಮ ಕರಗಿಸುವ ಕೆಲಸಕ್ಕೆ ಹೋಗುತ್ತದೆ. ಬಿರಿದ ಹಿಮ್ಮಡಿಗೆ ಸರಿ, ಮುಖಕ್ಕೆ ಬೇಡ.

ಜನ ಎಡವುವುದು ಪ್ರಮಾಣದಲ್ಲಿ. ವೈದ್ಯರು ಬಳಸುವ ಅಳತೆ ಬೆರಳತುದಿಯದು. ಸಾಮಾನ್ಯ ಟ್ಯೂಬಿನಿಂದ ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಎರಡು ಅಂಗೈಯಗಲದ ಜಾಗಕ್ಕೆ, ಬೆರಳುಗಳನ್ನೂ ಸೇರಿಸಿ, ಅಷ್ಟು ಸಾಕು. ಮುಖ ಮತ್ತು ಕತ್ತಿಗೆ ಎರಡೂವರೆ ಬೆರಳತುದಿ, ಒಂದು ತೋಳಿಗೆ ಮೂರು, ಒಂದು ಹಸ್ತಕ್ಕೆ ಒಂದು, ಒಂದು ಕಾಲಿಗೆ ಆರು, ಒಂದು ಪಾದಕ್ಕೆ ಎರಡು, ಎದೆ ಹೊಟ್ಟೆಗೆ ಏಳು, ಬೆನ್ನಿಗೆ ಏಳು. ಇಡೀ ಮೈಗೆ ಒಮ್ಮೆ ಹಚ್ಚಲು ಸುಮಾರು 20 ಗ್ರಾಂ ಬೇಕು. ಒಣ ಚರ್ಮದವರು ದಿನಕ್ಕೆರಡು ಸಲ ಹಚ್ಚಿದರೆ ವಾರಕ್ಕೆ 280 ಗ್ರಾಂ. ಇಡೀ ಮೈಗೆ ಹಚ್ಚುವ 50 ಗ್ರಾಂ ಟ್ಯೂಬು ಒಂದು ತಿಂಗಳು ಬಂತೆಂದರೆ ಅದರಿಂದ ಏನೂ ಆಗಿಲ್ಲವೆಂದೇ ಅರ್ಥ. ದುಬಾರಿ ಪುಟ್ಟ ಡಬ್ಬಿಗಿಂತ ಸುಗಂಧವಿಲ್ಲದ ಅಗ್ಗದ ದೊಡ್ಡ ಡಬ್ಬಿ ಮೇಲು.

ಎಣ್ಣೆ ವಲಯಕ್ಕೆ ಒಂದು ಎಚ್ಚರಿಕೆ. ಮಲಸೇಜಿಯಾ ಯೀಸ್ಟ್ ತನ್ನ ಕೊಬ್ಬಿನಾಮ್ಲಗಳನ್ನು ತಾನೇ ತಯಾರಿಸಲಾರದು, ಹೊರಗಿನಿಂದಲೇ ಪಡೆಯಬೇಕು. ತಲೆಹೊಟ್ಟು, ಮೂಗಿನ ಪಕ್ಕದ ಹಳದಿ ಸಿಪ್ಪೆ, ಬೆನ್ನು ಎದೆಯ ಮೇಲಿನ ಚಿಬ್ಬು, ಒಂದೇ ಗಾತ್ರದ ನವೆಯ ಗುಳ್ಳೆಗಳು ಇದ್ದವರು ಆ ಜಾಗಗಳಿಗೆ ಆಲಿವ್ ಎಣ್ಣೆಯಂಥ ಸಸ್ಯತೈಲ ಹಚ್ಚಿದರೆ ಯೀಸ್ಟಿಗೆ ಊಟ ಬಡಿಸಿದಂತೆ. ಮಿನರಲ್ ಆಯಿಲ್, ಸ್ಕ್ವಾಲೇನ್, ಪೆಟ್ರೋಲಿಯಂ ಜೆಲ್ಲಿ ಅದಕ್ಕೆ ಆಹಾರವಾಗುವುದಿಲ್ಲ. ತಲೆಗೆ ಎಣ್ಣೆ ಹಚ್ಚಿದಷ್ಟೂ ಹೊಟ್ಟು ಕಡಿಮೆಯಾಗುತ್ತದೆಂಬ ನಂಬಿಕೆ ಬಲವಾಗಿದೆ. ಎಣ್ಣೆಯಿಂದ ಸಿಪ್ಪೆ ಮೆತ್ತಗಾಗಿ ಎರಡು ದಿನ ಕಾಣಿಸುವುದಿಲ್ಲ, ಯೀಸ್ಟ್ ಮಾತ್ರ ಒಳಗೆ ಹೆಚ್ಚುತ್ತಿರುತ್ತದೆ.

ಸನ್‌ಸ್ಕ್ರೀನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅತಿನೇರಳೆ ಕಿರಣಗಳು ಚರ್ಮಕ್ಕೂ ಅದರ ಮೇಲಿನ ಜೀವಿಗಳಿಗೂ ಹಾನಿ. ಎಸ್‌ಪಿಎಫ್ 30 ಅಥವಾ ಹೆಚ್ಚಿನದನ್ನು ಬೆಳಿಗ್ಗೆ ಧಾರಾಳವಾಗಿ ಹಚ್ಚಿ, ಬಿಸಿಲಿನಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ, ರಾತ್ರಿ ತೊಳೆದು ಮಲಗಿ.

ಹಂತ 5: ಸಂದುಗಳನ್ನು ಒಣಗಿಸಿ

ಉಳಿದ ಮೈಗೆ ತೇವ ಬೇಕಾದರೆ ಸಂದುಗಳಿಗೆ ಅದರ ವಿರುದ್ಧ. ಗಾಳಿಯಾಡದಂತೆ ಚರ್ಮವನ್ನು ಮುಚ್ಚಿಟ್ಟರೆ ಕೆಲವೇ ದಿನಗಳಲ್ಲಿ ಪಿಎಚ್ 7ರ ಸಮೀಪಕ್ಕೆ ಏರುತ್ತದೆ, ಬ್ಯಾಕ್ಟೀರಿಯಾ ಸಂಖ್ಯೆ ಸಾವಿರಾರು ಪಟ್ಟು ಹೆಚ್ಚುತ್ತದೆ. ಬಿಗಿ ಬಟ್ಟೆ, ಮುಚ್ಚಿದ ಶೂ, ರಬ್ಬರ್ ಕೈಗವಸು, ಡಯಾಪರ್ ಎಲ್ಲವೂ ಮಾಡುವುದು ಇದನ್ನೇ.

ಸ್ನಾನದ ನಂತರ ಕಾಲ್ಬೆರಳ ಸಂದು, ತೊಡೆಸಂದು, ಸ್ತನದ ಕೆಳಗಿನ ಮಡಿಕೆಗಳನ್ನು ಟವೆಲ್‌ನಿಂದ ಒತ್ತಿ ಒಣಗಿಸಿ, ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಬಟ್ಟೆ ಹಾಕಿ. ಶೂ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಬದಲಿಸಿ. ಬೆವರಿದ ಶೂ ಒಳಗಿನಿಂದ ಒಣಗಲು ಒಂದು ರಾತ್ರಿ ಸಾಲದು. ಅಂಗಾಲಿನಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಗುಳಿಗಳು ಮತ್ತು ಕೆಟ್ಟ ವಾಸನೆ ಇದ್ದರೆ ಅದು ಬ್ಯಾಕ್ಟೀರಿಯಾದಿಂದ ಬರುವ ಪಿಟೆಡ್ ಕೆರಟೊಲಿಸಿಸ್. ಅದನ್ನು ಶಿಲೀಂಧ್ರವೆಂದು ತಿಳಿದು ಕಂಡ ಕ್ರೀಮು ಹಚ್ಚುತ್ತಾ ತಿಂಗಳುಗಟ್ಟಲೆ ಕಳೆಯುವವರಿದ್ದಾರೆ.

ಬೆವರಿಗೆ ತನ್ನದೇ ವಾಸನೆ ಇಲ್ಲವೆಂದೇ ಹೇಳಬಹುದು. ಕಂಕುಳಿನ ಅಪೊಕ್ರೈನ್ ಎಂಬ ಬೆವರು ಗ್ರಂಥಿಗಳ ಸ್ರಾವವನ್ನು ಕೊರಿನಿಬ್ಯಾಕ್ಟೀರಿಯಂ ಮತ್ತು ಸ್ಟ್ಯಾಫಿಲೊಕಾಕಸ್ ಹೊಮಿನಿಸ್ ಒಡೆದಾಗ ಗಂಧಕದ ಅಂಶವಿರುವ ಸಂಯುಕ್ತಗಳು ಹೊರಬರುತ್ತವೆ, ಮೂಗಿಗೆ ಬಡಿಯುವುದು ಅದು. ಸಾಮಾನ್ಯ ಡಿಯೋಡರೆಂಟ್ ವಾಸನೆಯನ್ನು ಮುಚ್ಚುತ್ತದೆ. ಅಲ್ಯೂಮಿನಿಯಂ ಲವಣದ ಆಂಟಿಪರ್ಸ್‌ಪಿರೆಂಟ್ ಬೆವರನ್ನೇ ತಡೆಯುತ್ತದೆ ಮತ್ತು ಅಲ್ಲಿನ ಜೀವಿಗಳ ಮಿಶ್ರಣವನ್ನೂ ಬದಲಿಸುತ್ತದೆ. ಬಳಸುವುದಾದರೆ ರಾತ್ರಿ, ಪೂರ್ತಿ ಒಣಗಿದ ಕಂಕುಳಿಗೆ ಹಚ್ಚಿ. ಬೆಳಿಗ್ಗೆ ಸ್ನಾನವಾದ ಕೂಡಲೇ ಒದ್ದೆ ಚರ್ಮಕ್ಕೆ ಹಚ್ಚಿದರೆ ಉರಿ ಹೆಚ್ಚು, ಫಲ ಕಡಿಮೆ.

ಹಂತ 6: ಮೈಗೆ ತಾಗುವ ವಸ್ತುಗಳು

ಟವೆಲ್ ಪ್ರತಿಯೊಬ್ಬರಿಗೂ ಬೇರೆ ಇರಲಿ, ಪ್ರತಿ ಬಳಕೆಯ ನಂತರ ಹರಡಿ ಒಣಗಿಸಿ, ಮೂರ್ನಾಲ್ಕು ಬಳಕೆಗೊಮ್ಮೆ ಒಗೆಯಿರಿ. ದಿಂಬಿನ ಕವರ್ ವಾರಕ್ಕೊಮ್ಮೆ. ಮನೆಯಲ್ಲಿ ಯಾರಿಗಾದರೂ ಕೀವಿನ ಗುಳ್ಳೆ ಅಥವಾ ಹುಳಕಡ್ಡಿ ಇದ್ದರೆ ಬಟ್ಟೆಯನ್ನು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಗೆಯಬೇಕು. ಮೇಕಪ್ ಬ್ರಷ್ ವಾರಕ್ಕೊಮ್ಮೆ ತೊಳೆದು, ಕೂದಲ ಭಾಗ ಕೆಳಮುಖವಾಗಿರುವಂತೆ ಒಣಗಿಸಿ. ರೇಜರ್ ಯಾರ ಜೊತೆಗೂ ಹಂಚಿಕೊಳ್ಳಬಾರದು, ಕೂದಲು ಬೆಳೆಯುವ ದಿಕ್ಕಿನಲ್ಲೇ ಬೋಳಿಸಿ.

ಹಂತ 7: ಔಷಧಿಗಳನ್ನು ಲೆಕ್ಕಾಚಾರದಿಂದ ಬಳಸಿ

ಮೈಕ್ರೋಬಯೋಮ್ ಅನ್ನು ಬೇರೆಲ್ಲಕ್ಕಿಂತ ಜೋರಾಗಿ ಅಲುಗಾಡಿಸುವುದು ಆಂಟಿಬಯಾಟಿಕ್. ಮೊಡವೆಗೆ ಹಚ್ಚುವ ಕ್ಲಿಂಡಾಮೈಸಿನ್ ಜೆಲ್ ಅನ್ನು ಒಂಟಿಯಾಗಿ ತಿಂಗಳುಗಟ್ಟಲೆ ಬಳಸಿದರೆ ಕ್ಯೂಟಿಬ್ಯಾಕ್ಟೀರಿಯಂನಲ್ಲಿ ಮಾತ್ರವಲ್ಲ, ಪಕ್ಕದ ಸ್ಟ್ಯಾಫಿಲೊಕಾಕಸ್‌ಗಳಲ್ಲೂ ಔಷಧ ನಿರೋಧಕತೆ ಬೆಳೆಯುತ್ತದೆ. ಅದಕ್ಕೇ ಚರ್ಮವೈದ್ಯರು ಅದರ ಜೊತೆ ಬೆಂಜಾಯಿಲ್ ಪೆರಾಕ್ಸೈಡ್ ಸೇರಿಸುತ್ತಾರೆ, ನುಂಗುವ ಆಂಟಿಬಯಾಟಿಕ್ ಅನ್ನು ಮೂರು ತಿಂಗಳ ಆಸುಪಾಸಿಗೆ ಮಿತಿಗೊಳಿಸಲು ನೋಡುತ್ತಾರೆ. ಬೆಂಜಾಯಿಲ್ ಪೆರಾಕ್ಸೈಡ್‌ಗೆ ಬ್ಯಾಕ್ಟೀರಿಯಾ ನಿರೋಧಕತೆ ಬೆಳೆಸಿಕೊಂಡದ್ದು ಕಂಡುಬಂದಿಲ್ಲ. ಶೇ 2.5ರ ಜೆಲ್ ಶೇ 10ರಷ್ಟೇ ಕೆಲಸ ಮಾಡುತ್ತದೆ, ಉರಿ ಕಡಿಮೆ. ಮೊದಲ ಎರಡು ವಾರ ದಿನ ಬಿಟ್ಟು ದಿನ ರಾತ್ರಿ, ಬಟಾಣಿ ಗಾತ್ರದಷ್ಟನ್ನು ಮೊಡವೆ ಬರುವ ಇಡೀ ಜಾಗಕ್ಕೆ ತೆಳುವಾಗಿ ಹಚ್ಚಿ, ಆಮೇಲೆ ದಿನವೂ. ಬಣ್ಣದ ಬಟ್ಟೆ, ಟವೆಲ್‌ಗಳನ್ನು ಇದು ಬಿಳಿಚಿಸುತ್ತದೆ, ಬಿಳಿ ದಿಂಬಿನ ಕವರ್ ಬಳಸಿ. ಆರರಿಂದ ಎಂಟು ವಾರ ಕಾಯದೆ ಫಲ ಅಳೆಯಬೇಡಿ.

ತಲೆಹೊಟ್ಟಿಗೆ ಶೇ 2ರ ಕೀಟೊಕೊನಜೋಲ್ ಶಾಂಪೂ ವಾರಕ್ಕೆರಡು ಬಾರಿ, ಎರಡರಿಂದ ನಾಲ್ಕು ವಾರ. ಹಚ್ಚಿದ ತಕ್ಷಣ ತೊಳೆದರೆ ವ್ಯರ್ಥ, ನೆತ್ತಿಯ ಚರ್ಮಕ್ಕೆ ತಾಗುವಂತೆ ಹಚ್ಚಿ ಮೂರರಿಂದ ಐದು ನಿಮಿಷ ಬಿಡಬೇಕು. ಕಡಿಮೆಯಾದ ಮೇಲೆ ವಾರ ಅಥವಾ ಎರಡು ವಾರಕ್ಕೊಮ್ಮೆ ಮುಂದುವರಿಸಿ. ಮಲಸೇಜಿಯಾ ಚರ್ಮದ ಖಾಯಂ ನಿವಾಸಿಯಾದ್ದರಿಂದ ಪೂರ್ತಿ ಬಿಟ್ಟರೆ ಹೊಟ್ಟು ಮರಳುತ್ತದೆ. ಚಿಬ್ಬು ಇದ್ದವರಿಗೆ ಒಂದು ಮಾತು: ಚಿಕಿತ್ಸೆಯಿಂದ ಯೀಸ್ಟ್ ತಗ್ಗಿದ ಮೇಲೂ ಬಿಳಿ ಮಚ್ಚೆಯ ಬಣ್ಣ ಮರಳಲು ತಿಂಗಳುಗಳು ಬೇಕು. ಬಣ್ಣ ಬರಲಿಲ್ಲವೆಂದು ಔಷಧಿ ಮೇಲೆ ಔಷಧಿ ಹಚ್ಚುತ್ತಾ ಹೋಗಬೇಡಿ.

ಸ್ಟೆರಾಯ್ಡ್, ಆಂಟಿಬಯಾಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಕ್ರೀಮುಗಳಿಂದ ಆಗುವ ಅನಾಹುತ ಹೇಳತೀರದು. ಹುಳಕಡ್ಡಿಗೆ ಹಚ್ಚಿದರೆ ಸ್ಟೆರಾಯ್ಡ್ ತುರಿಕೆ, ಕೆಂಪನ್ನು ಎರಡು ದಿನದಲ್ಲಿ ಇಳಿಸುತ್ತದೆ, ವಾಸಿಯಾಯಿತೆನಿಸುತ್ತದೆ. ಚರ್ಮದ ರಕ್ಷಣೆ ಕುಗ್ಗಿದ್ದರಿಂದ ಶಿಲೀಂಧ್ರ ಸದ್ದಿಲ್ಲದೆ ಹರಡುತ್ತದೆ, ಕ್ರೀಮು ನಿಲ್ಲಿಸಿದಾಗ ಮೊದಲಿಗಿಂತ ದೊಡ್ಡದಾಗಿ, ಅಂಚು ಅಳಿಸಿದಂತೆ, ಗುರುತಿಸಲೂ ಕಷ್ಟವಾಗುವಂತೆ ಮರಳುತ್ತದೆ. ಮುಖಕ್ಕೆ, ತೊಡೆಸಂದಿಗೆ ಹಚ್ಚಿದರೆ ಚರ್ಮ ತೆಳ್ಳಗಾಗಿ ರಕ್ತನಾಳ ಕಾಣತೊಡಗುತ್ತದೆ. ಸ್ಟೆರಾಯ್ಡ್ ಕೆಟ್ಟದ್ದೆಂದಲ್ಲ. ಇಸಬಿನಲ್ಲಿ ಉರಿಯೂತ ತಗ್ಗಿಸಿ, ಹೆಚ್ಚಿದ ಆರಿಯಸ್ ಇಳಿಯಲು ಅದು ನೆರವಾಗುತ್ತದೆ. ಆದರೆ ಯಾವ ಶಕ್ತಿಯದು, ಎಷ್ಟು ದಿನ ಎಂಬುದನ್ನು ವೈದ್ಯರು ಹೇಳಬೇಕು. ಹುಳಕಡ್ಡಿಗೆ ಬರೀ ಶಿಲೀಂಧ್ರನಾಶಕವಿರುವ ಕ್ರೀಮನ್ನು ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಯವರೆಗೂ ಹಚ್ಚಿ, ಕಣ್ಣಿಗೆ ಮಾಯವಾದ ಮೇಲೂ ಒಂದೆರಡು ವಾರ ಮುಂದುವರಿಸಿ.

ಕೈಮೀರಿದ ಸಂಗತಿಗಳು

ಎಲ್ಲವೂ ಆರೈಕೆಯ ಫಲವೆಂದುಕೊಂಡರೆ ನಿಮ್ಮನ್ನು ನೀವೇ ದೂಷಿಸಿಕೊಳ್ಳಬೇಕಾಗುತ್ತದೆ. ಸಹಜ ಹೆರಿಗೆಯ ಮಗುವಿನ ಚರ್ಮಕ್ಕೆ ಮೊದಲು ಅಂಟುವುದು ತಾಯಿಯ ಯೋನಿಯ ಜೀವಿಗಳು, ಸಿಸೇರಿಯನ್ ಮಗುವಿಗೆ ಚರ್ಮದ ಜೀವಿಗಳು. ಈ ವ್ಯತ್ಯಾಸ ಕೆಲವೇ ವಾರಗಳಲ್ಲಿ ಬಹುಮಟ್ಟಿಗೆ ಕರಗುತ್ತದೆ. ನವಜಾತ ಶಿಶುವಿನ ಮೊದಲ ಸ್ನಾನವನ್ನು 24 ಗಂಟೆಯಾದರೂ ಮುಂದೂಡಲು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ಮೈಮೇಲಿನ ಬಿಳಿಯ ಲೇಪವನ್ನು ಉಜ್ಜಿ ತೆಗೆಯಬಾರದು. ಹರೆಯದಲ್ಲಿ ಹಾರ್ಮೋನಿನಿಂದ ಎಣ್ಣೆ ಗ್ರಂಥಿಗಳು ಹಿಗ್ಗಿ ಕೊಬ್ಬುಪ್ರಿಯ ಜೀವಿಗಳು ಹೆಚ್ಚುತ್ತವೆ, ಮುಟ್ಟು ನಿಂತ ಮೇಲೆ ಎಣ್ಣೆ ಕುಗ್ಗಿ ಚಿತ್ರ ಮತ್ತೆ ಬದಲಾಗುತ್ತದೆ. ಮಧುಮೇಹ ಹತೋಟಿ ತಪ್ಪಿದರೆ ಸಂದುಗಳಲ್ಲಿ ಕ್ಯಾಂಡಿಡಾ ಯೀಸ್ಟ್ ಪದೇ ಪದೇ ಬರುತ್ತದೆ, ಕ್ರೀಮಿಗಿಂತ ಮೊದಲು ಸಕ್ಕರೆ ಅಳೆಯಬೇಕು. ಇಸಬು ಇರುವ ಹಲವರಲ್ಲಿ ಫಿಲಾಗ್ರಿನ್ ಎಂಬ ಪ್ರೊಟೀನಿನ ವಂಶವಾಹಿಯಲ್ಲೇ ಕೊರತೆ ಇರುತ್ತದೆ. ಒಂದೇ ಮನೆಯಲ್ಲಿರುವವರ, ನಾಯಿ ಸಾಕಿದವರ ಚರ್ಮದ ಜೀವಿಗಳು ಪರಸ್ಪರ ಹೋಲುವುದೂ ಗೊತ್ತಾಗಿದೆ. ಇದಕ್ಕೆ ಹೆದರಬೇಕಿಲ್ಲ.

ಪ್ರೊಬಯಾಟಿಕ್ ಕ್ರೀಮುಗಳ ವಿಷಯದಲ್ಲಿ ಹುಷಾರಾಗಿರಿ. ಕ್ರೀಮು ಕೆಡದಂತೆ ಹಾಕುವ ಸಂರಕ್ಷಕಗಳು ಒಳಗಿರುವ ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ. ಹಾಗಾಗಿ ಬಹುತೇಕ ಡಬ್ಬಿಗಳಲ್ಲಿರುವುದು ಲೈಸೇಟ್ ಅಥವಾ ಫರ್ಮೆಂಟ್, ಅಂದರೆ ಸತ್ತ ಬ್ಯಾಕ್ಟೀರಿಯಾದ ತುಣುಕುಗಳು ಮತ್ತು ಅವುಗಳ ಉತ್ಪನ್ನ. ಕೆಲವು ಚರ್ಮಕ್ಕೆ ಹಿತವಾಗಬಹುದು, ಆದರೆ ಅಲ್ಲಿ ಯಾರೂ ಹೊಸದಾಗಿ ನೆಲೆಸುವುದಿಲ್ಲ. ಮೈಕ್ರೋಬಯೋಮ್ ಸ್ನೇಹಿ ಎಂಬ ಬರಹವನ್ನು ನೋಡಿ ಹಣ ತೆರುವ ಬದಲು ಪದಾರ್ಥಗಳ ಪಟ್ಟಿ ಓದಿ. ಮನೆಯಲ್ಲೇ ಮಾದರಿ ತೆಗೆದು ಕಳಿಸುವ ಪರೀಕ್ಷೆಗಳು ಜೀವಿಗಳ ಹೆಸರು ಕೊಡುತ್ತವೆ. ಆ ಪಟ್ಟಿಯನ್ನಿಟ್ಟುಕೊಂಡು ಮುಂದೇನು ಮಾಡಬೇಕೆಂದು ಹೇಳುವ ಒಪ್ಪಿತ ಅಳತೆಗೋಲು ಇನ್ನೂ ಬಂದಿಲ್ಲ.

ಸರಿಯಾಗದಿದ್ದರೆ

ಎಂಟು ವಾರವಾದರೂ ಬದಲಾವಣೆ ಕಾಣದಿದ್ದರೆ ಮೊದಲು ನೋಡಬೇಕಾದದ್ದು ಮಾಯಿಶ್ಚರೈಸರ್‌ನ ಪ್ರಮಾಣ, ಆಮೇಲೆ ಶಾಂಪೂ. ತಲೆ ತೊಳೆದ ನೊರೆ ಬೆನ್ನು, ಕತ್ತು, ಮುಖದ ಅಂಚಿನಲ್ಲಿ ಹರಿದು ಉಳಿಯುವುದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ತಲೆಯನ್ನು ಮೊದಲು ತೊಳೆದು, ಕೂದಲು ಮೇಲೆ ಕಟ್ಟಿ, ಮೈಯನ್ನು ಕೊನೆಗೆ ತೊಳೆಯಿರಿ. ಬಟ್ಟೆ ಒಗೆಯುವ ಪುಡಿಯ ಸುಗಂಧ, ಸಾಫ್ಟನರ್‌ಗಳನ್ನು ಒಂದು ತಿಂಗಳು ಬಿಟ್ಟು ನೋಡಿ. ಮುಖದ ಒಣಗುವಿಕೆ ಹೋಗಿ ಹಣೆಯಲ್ಲಿ ಸಣ್ಣ ಗುಳ್ಳೆ ಎದ್ದರೆ ಮಾಯಿಶ್ಚರೈಸರ್ ಆ ಜಾಗಕ್ಕೆ ಭಾರವಾಗಿದೆ. ಹಣೆಗೆ ಲೋಷನ್, ಕೆನ್ನೆಗೆ ಕ್ರೀಮು ಎಂದು ಬೇರೆ ಮಾಡಿ.

ಕೆಲವು ಲಕ್ಷಣಗಳಿಗೆ ಕಾಯುವ ಮಾತೇ ಇಲ್ಲ. ಕೆಂಪು ಬೇಗ ಹರಡುತ್ತಾ ಬಿಸಿಯಾಗಿ ನೋಯುತ್ತಿದ್ದರೆ, ಜೊತೆಗೆ ಜ್ವರ ಬಂದರೆ ಅದೇ ದಿನ ವೈದ್ಯರ ಬಳಿ ಹೋಗಿ. ಜೇನುಬಣ್ಣದ ಹಕ್ಕಳೆ, ಮರುಕಳಿಸುವ ಕೀವಿನ ಕುರು, ಮನೆಯಲ್ಲಿ ಒಬ್ಬರಿಂದೊಬ್ಬರಿಗೆ ಹರಡುವ ಗುಳ್ಳೆ ಇದ್ದರೂ ತೋರಿಸಬೇಕು. ಇಸಬು ಇರುವ ಮಗುವಿನ ಚರ್ಮದಲ್ಲಿ ಒಂದೇ ಗಾತ್ರದ, ಉಳಿಯಿಂದ ಕೊರೆದಂಥ ನೋವಿನ ಹುಣ್ಣುಗಳು ಗುಂಪಾಗಿ ಕಂಡರೆ ಅದು ಹರ್ಪಿಸ್ ವೈರಸ್ ಸೋಂಕಿರಬಹುದು. ಕಣ್ಣಿನ ಬಳಿ ಬಂದರೆ ದೃಷ್ಟಿಗೇ ಅಪಾಯ. ಕ್ರೀಮು ಬದಲಿಸಿ ನೋಡೋಣ ಎನ್ನದೆ, ರಾತ್ರಿಯಾದರೂ ಸರಿ, ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.